ಹಸಿರು ದಾರದ ಹೊಲಿಗೆ

ಫೆಬ್ರವರಿ 4

ಮಗಳೇ,

ನೀನು ಮೊನ್ನೆ ಅಮ್ಮನ ಜೊತೆ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿ, ಕೊನೆಗೆ ‘ಅಪ್ಪಂಗೆ ಕೊಡು’ ಅಂದೆಯಂತೆ. ಕೊಟ್ಟಳು. ನನಗೆ ಗುಂಯ್ ಅನ್ನುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಮೂವತ್ತೊಂದು ವರ್ಷ ಬಟ್ಟೆ ಒಗೆಯುವ ಮೆಷಿನ್ನುಗಳ ಪಕ್ಕ ನಿಂತವನ ಕಿವಿ ಇನ್ನೇನಾಗಬೇಕು? ಎದುರಿಗೆ ನಿಂತು ಹೇಳಿದರೆ ಕೇಳಿಸುತ್ತದೆ, ಫೋನಿನಲ್ಲಿ ಮಾತ್ರ ಸೊನ್ನೆ. ಅದಕ್ಕೇ ಹೇಳುವುದು, ನನಗೆ ಕಾಗದ ಬರೆ. ಊರಿಗೆಲ್ಲ ಸುದ್ದಿ ಬರೆಯುವ ಪತ್ರಿಕೆಯವಳು ನೀನು, ಅಪ್ಪನಿಗೊಂದು ಪುಟ ಬರೆದರೆ ಕೈಯೇನೂ ಸವೆಯುವುದಿಲ್ಲ.

ನಾನು ಗಟ್ಟಿಯಾಗಿದ್ದೇನೆ. ಸ್ಟೇಡಿಯಮ್ಮಿನ ಮೆಟ್ಟಿಲ ಕೆಳಗಿನ ಅದೇ ಕೋಣೆ, ಅದೇ ಮೂರು ಮೆಷಿನ್ನು. ಕ್ಯಾಪ್ಟನ್ ಒಬ್ಬನನ್ನು ಬಿಟ್ಟರೆ ಉಳಿದ ಆಟಗಾರರೆಲ್ಲ ನನಗೆ ಈಗಲೂ ನಂಬರುಗಳೇ. ಮೂರು ವಿಪರೀತ ಬೆವರುತ್ತಾನೆ. ಎಂಟು ಜೇಬಿನಲ್ಲಿ ಚೂಯಿಂಗ್ ಗಮ್ ಬಿಟ್ಟು ನನ್ನ ಪ್ರಾಣ ತಿನ್ನುತ್ತಾನೆ. ಹದಿನೇಳು ಮಾತ್ರ ಅಪರೂಪದವನು. ಅವನ ತಾಯಿ ಇಸ್ತ್ರಿ ಕೆಲಸ ಮಾಡಿ ಅವನನ್ನು ಸಾಕಿದಳಂತೆ, ಹಾಗಾಗಿ ಬಟ್ಟೆ ಕಂಡರೆ ಅವನಿಗೆ ಸುಮ್ಮನಿರಲು ಬರುವುದಿಲ್ಲ. ಆಟ ಮುಗಿದ ಮೇಲೆ ಉಳಿದವರು ಪಾರ್ಟಿಗೆ ಹೋದರೆ ಇವನು ನನ್ನ ಕೋಣೆಗೆ ಬಂದು ಕಾಲ್ಚೀಲ ಮಡಚುತ್ತಾನೆ. ಇಪ್ಪತ್ತನಾಲ್ಕು ವರ್ಷದ ಗಂಡಾಳು, ಜೊತೆ ತಪ್ಪದ ಹಾಗೆ ಎಪ್ಪತ್ತು ಕಾಲ್ಚೀಲ ಮಡಚುತ್ತಾನೆ ಅಂದರೆ ನಂಬುತ್ತೀಯಾ?

ಹೋದ ವಾರ ಅವನ ಮೂಗಿಗೆ ಯಾರದೋ ಮೊಣಕೈ ತಗುಲಿ ಅಂಗಿಯೆಲ್ಲ ರಕ್ತವಾಗಿತ್ತು. ಹೊಸದಾಗಿ ಸೇರಿದ ಸಹಾಯಕಿ ಅದನ್ನು ಬಿಸಿನೀರಿನ ಮೆಷಿನ್ನಿಗೆ ಹಾಕಲು ಹೊರಟಿದ್ದಳು, ಕೂಗಿಕೊಂಡು ಓಡಿಹೋಗಿ ತಡೆದೆ. ಮಿಕ್ಕಿದ್ದೆಲ್ಲ ಬಿಸಿನೀರಿಗೆ, ಮೆಷಿನ್ನಿಗೆ. ರಕ್ತವೊಂದನ್ನು ಮಾತ್ರ ಕೈಯಲ್ಲಿ, ತಣ್ಣೀರಿನಲ್ಲಿ. ಬಿಸಿ ತಾಗಿತೋ, ಕಲೆ ಜನ್ಮಕ್ಕೆ ಬಿಡುವುದಿಲ್ಲ. ನಿನಗೆ ಚಿಕ್ಕಂದಿನಿಂದ ಇದನ್ನು ನೂರು ಸಲ ಹೇಳಿದ್ದೇನೆ, ನೂರಾ ಒಂದಾಗಲಿ.

ಆಟ ಮುಗಿದ ಮೇಲೆ ಅದೇ ವಿಷಯಕ್ಕೆ ನಡೆದ ಜಗಳದಲ್ಲಿ ಅವನ ಜಾಕೆಟ್ಟಿನ ಕಾಲರು ಹಿಂದುಗಡೆ ಹರಿದಿತ್ತು. ಜಾಕೆಟ್ಟುಗಳೆಲ್ಲ ಒಂದೇ ನೀಲಿ, ಹೊರಗಡೆ ನಂಬರಿಲ್ಲ. ನೀಲಿ ದಾರ ಮುಗಿದಿತ್ತು, ಹಸಿರು ದಾರದಲ್ಲೇ ಹೊಲಿದುಕೊಟ್ಟೆ. ‘ಅಸಹ್ಯ ಕಾಣುತ್ತೇನೋ, ನೀಲಿ ಬಂದ ಮೇಲೆ ಬಿಚ್ಚಿ ಹೊಲೀತೀನಿ’ ಅಂದೆ. ‘ಇರ್ಲಿ ಬಿಡಿ ಮಾವ, ನಂದು ಅಂತ ಗುರುತಿಗಾಯ್ತು’ ಅಂದ.

ನಿನ್ನ ಆಟದ ಪುಟ ತಪ್ಪದೆ ನೋಡುತ್ತೇನೆ. ಗೋಲು ಹೊಡೆದವನ ಫೋಟೋ ಹಾಕುತ್ತೀರಿ, ಆ ಅಂಗಿ ಅಷ್ಟು ಬೆಳ್ಳಗೆ ಯಾಕಿದೆ ಅಂತ ಒಬ್ಬರೂ ಬರೆಯುವುದಿಲ್ಲ.

ಕಾಗದಕ್ಕೆ ಕಾಯುತ್ತಿರುವ
ಅಪ್ಪ

—

ಮಾರ್ಚ್ 11

ಅಪ್ಪಾ,

ಈ ಕಾಗದ ನಿನ್ನ ಕೈಗೆ ಸಿಗುವ ಮೊದಲೇ ಪತ್ರಿಕೆ ಸಿಕ್ಕಿರುತ್ತದೆ. ಆದರೂ ನಾನೇ ಹೇಳಬೇಕು.

ಫೆಬ್ರವರಿ ಇಪ್ಪತ್ತಾರರ ಸಂಜೆ, ನಿಮ್ಮವರು ಕಪ್ಪು ಗೆದ್ದ ದಿನ, ಸ್ಟೇಡಿಯಮ್ಮಿನ ಎದುರಿನ ಹೋಟೆಲಿನಲ್ಲಿ ಪಾರ್ಟಿ ಇತ್ತಲ್ಲ. ಅಲ್ಲಿ ಹಾಸಿಗೆ ಬಟ್ಟೆ ಬದಲಿಸುವ ಹೆಂಗಸೊಬ್ಬರಿಗೆ ನಿಮ್ಮ ಆಟಗಾರನೊಬ್ಬ ಹೊಡೆದಿದ್ದಾನೆ. ಬೀಗ ಹಾಕಿದ ಕೋಣೆಯೊಂದನ್ನು ತೆಗೆದುಕೊಡು ಅಂದನಂತೆ, ಕೆಳಗೆ ಕೇಳದೆ ತೆಗೆಯುವ ಹಾಗಿಲ್ಲ ಅಂದರಂತೆ. ಅಷ್ಟಕ್ಕೇ. ದವಡೆ ಎರಡು ಕಡೆ ಮುರಿದಿದೆ. ಅಮ್ಮನ ವಯಸ್ಸಿನವರು. ಪೊಲೀಸರು ದೂರು ಬರೆದುಕೊಳ್ಳಲಿಲ್ಲ, ಹೋಟೆಲಿನವರು ಜಾರಿ ಬಿದ್ದಳು ಅಂದರು, ನಿಮ್ಮ ಕ್ಲಬ್ಬಿನವರು ಬಾಯಿಗೆ ಬೀಗ ಹಾಕಿಕೊಂಡರು.

ಆ ಮಹಡಿಯ ಕ್ಯಾಮೆರಾದ ಚಿತ್ರ ನಮ್ಮ ಕೈಗೆ ಬಂತು. ಏಳು ನಲವತ್ತು ಅಂತ ಸಮಯವಿದೆ. ಅವನು ಟೋಪಿ ಹಾಕಿಕೊಂಡಿದ್ದಾನೆ, ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಆಫೀಸಿನಲ್ಲಿ ಹತ್ತು ಜನ ಹತ್ತು ಸಲ ನೋಡಿದರು, ಯಾರೆಂದು ಹೇಳಲು ಯಾರಿಗೂ ಆಗಲಿಲ್ಲ. ನಾನು ಒಂದೇ ಸಲ ನೋಡಿದೆ. ಕಾಲರಿನ ಹಿಂದೆ ಹಸಿರು ದಾರ. ನಿನ್ನ ಹೊಲಿಗೆ ನನಗೆ ಗೊತ್ತಿಲ್ಲವೇ, ನನ್ನ ಶಾಲೆಯ ಚೀಲದ ತುಂಬ ಅದೇ ಇತ್ತು.

ನಿನ್ನನ್ನು ಕೇಳಬಹುದಿತ್ತು. ಕೇಳಿದ್ದರೆ ನೀನು ಒಂದೋ ಸುಳ್ಳು ಹೇಳಬೇಕಿತ್ತು, ಇಲ್ಲ ಕೆಲಸ ಬಿಡಬೇಕಿತ್ತು. ಅದಕ್ಕೇ ಕೇಳಲಿಲ್ಲ. ಆಸ್ಪತ್ರೆಗೆ ಹೋಗಿ ಆ ಹೆಂಗಸಿಗೆ ಹದಿನೇಳರ ಫೋಟೋ ತೋರಿಸಿದೆ. ಬಾಯಿ ತಂತಿಯಲ್ಲಿ ಕಟ್ಟಿತ್ತು, ಹೌದೆಂದು ತಲೆಯಾಡಿಸಿದರು. ನಾಳೆ ಮೊದಲನೇ ಪುಟದಲ್ಲಿ ಬರುತ್ತದೆ, ನನ್ನ ಹೆಸರಿನಲ್ಲಿ.

ಅವನು ನಿನಗೆ ಬೇಕಾದವನು ಅಂತ ಗೊತ್ತು. ಬೇಸರ ಮಾಡಿಕೊಳ್ಳಬೇಡ ಅಂತ ಹೇಳುವ ಧೈರ್ಯ ನನಗಿಲ್ಲ.

ನಿನ್ನ
ಮಗಳು

—

ಮಾರ್ಚ್ 19

ಮಗಳಿಗೆ,

ಪತ್ರಿಕೆ ನೋಡಿದೆ. ನನ್ನ ಹೊಲಿಗೆಯನ್ನು ಅಂಗೈಯಷ್ಟು ದೊಡ್ಡದು ಮಾಡಿ, ಸುತ್ತ ಕೆಂಪು ಬಳೆ ಎಳೆದು ಹಾಕಿದ್ದೀರಿ. ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸ ಪತ್ರಿಕೆಯಲ್ಲಿ ಬಂದದ್ದು ಇದೇ ಮೊದಲು.

ಆ ಕಾಗದ ನಾನು ನಿನಗೆ ಬರೆದದ್ದು. ನಿನ್ನ ಸಂಪಾದಕರಿಗಲ್ಲ.

ನಿನ್ನೆ ಕ್ಲಬ್ಬಿನವರು ವಿಚಾರಣೆ ಇಟ್ಟಿದ್ದರು. ಮೇಲಿನ ಕೋಣೆ, ಉದ್ದನೆಯ ಮೇಜು, ಆರು ಜನ. ನನ್ನನ್ನೂ ಕರೆಸಿದರು. ನನ್ನಿಂದ ಅವರಿಗೆ ಏನೂ ತಿಳಿಯಲಿಲ್ಲ. ಹದಿನೇಳನ್ನು ತಂಡದಿಂದ ಕಳಿಸಿಬಿಟ್ಟರು. ಅವನ ಗೂಡು ಖಾಲಿ ಮಾಡಿಕೊಟ್ಟವನು ನಾನೇ. ಎರಡು ಜೊತೆ ಬೂಟು, ಒಂದು ಟವಲ್ಲು, ತಾಯಿಯ ಒಂದು ಫೋಟೋ.

ಮೆಷಿನ್ನಿನ ಬೆಲ್ಟು ಹರಿದಿದೆ, ಕೆಲಸ ಇದೆ.

ಅಪ್ಪ

(ನಾನು ಕಣೇ, ಅಮ್ಮ. ಕೆಳಗೆ ಜಾಗ ಇತ್ತು ಅಂತ ಬರೀತಿದ್ದೀನಿ. ನಿಮ್ಮಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ಕೇಳಿದ್ರೆ ಕಿವಿ ಕೇಳ್ಸಲ್ಲ ಅಂತ ಸನ್ನೆ ಮಾಡ್ತಾರೆ. ನಂಗೆ ಅವ್ರ ಕಿವಿ ಎಷ್ಟು ಕೇಳ್ಸತ್ತೆ ಅಂತ ಗೊತ್ತಿಲ್ವಾ?)

—

ಏಪ್ರಿಲ್ 6

ಅಪ್ಪಾ,

ನಿನ್ನ ಕಾಗದವನ್ನು ಎರಡು ವಾರ ಮೇಜಿನ ಮೇಲಿಟ್ಟುಕೊಂಡಿದ್ದೆ. ಈಗ ಕೋಪ ಬಂದಿದೆ, ಬರೆಯುತ್ತಿದ್ದೇನೆ.

ಅವನ ಗೂಡಿನಲ್ಲಿದ್ದ ಟವಲ್ಲನ್ನು ನನಗೆ ಲೆಕ್ಕ ಹೇಳಿದೆಯಲ್ಲ, ಆ ಹೆಂಗಸಿನ ಬಗ್ಗೆ ಒಂದು ಅಕ್ಷರ ಬರೆದೆಯಾ? ಆರು ವಾರ ನಳಿಗೆಯಲ್ಲಿ ಗಂಜಿ ಕುಡಿಯಬೇಕು ಅವರು. ನಾವು ಅವರ ಮುಖ ಮಸುಕು ಮಾಡಿಯೇ ಹಾಕಿದೆವು. ಆದರೆ ಹೋಟೆಲಿನ ಅಂಗಿ, ಮಹಡಿ, ಸಮಯ ಎಲ್ಲ ಇತ್ತು, ಇಂಥವರೇ ಅಂತ ಗೊತ್ತಾಗಿ ಕೆಲಸದಿಂದ ತೆಗೆದಿದ್ದಾರೆ. ಅದಕ್ಕೆ ನಾನೂ ಹೊಣೆ ಅಂತ ಗೊತ್ತು. ಆದರೆ ನಾವು ಹಾಕದೆ ಇದ್ದಿದ್ದರೆ? ಜಾರಿ ಬಿದ್ದಳು ಅನ್ನುವುದೇ ನಿಜವಾಗಿ ಉಳಿಯುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆ ಬಿಟ್ಟು ನಿನ್ನ ಕೋಣೆಗೆ ಬಂದಿದ್ದೆ, ನೆನಪಿದೆಯಾ? ಆಗಿನ ದೊಡ್ಡ ಆಟಗಾರನೊಬ್ಬ ಬೂಟು ಸರಿಯಾಗಿ ಹೊಳೆಯುತ್ತಿಲ್ಲ ಅಂತ ನಿನ್ನ ಮುಖಕ್ಕೆ ಎಸೆದ. ಹುಬ್ಬಿನ ಮೇಲೆ ಬಿತ್ತು. ನೀನು ಅದನ್ನು ಎತ್ತಿಕೊಂಡು ಮತ್ತೆ ಪಾಲಿಶ್ ಹಾಕಿದೆ. ದಾರಿಯಲ್ಲಿ ನನಗೆ ಹೇಳಿದೆ, ‘ಅಮ್ಮಂಗೆ ಹೇಳ್ಬೇಡ, ಬಾಗಿಲು ತಗುಲ್ತು ಅನ್ನೋಣ’. ನಾನು ಪತ್ರಿಕೆಗೆ ಸೇರಿದ್ದು ಆವತ್ತೇ, ಸಂಬಳ ಶುರುವಾದದ್ದು ಆಮೇಲೆ.

ಹದಿನೇಳು ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಿದ್ದಾನಂತೆ, ಆ ಸಂಜೆ ಬಟ್ಟೆ ಕೋಣೆಯಲ್ಲಿ ಕಾಲ್ಚೀಲ ಮಡಚುತ್ತಿದ್ದೆ ಅಂತ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ನಮ್ಮ ಪತ್ರಿಕೆಯಲ್ಲೇ ವ್ಯಂಗ್ಯಚಿತ್ರ ಬಂತು. ನಾನೂ ನಕ್ಕೆ ಅಂದುಕೊಳ್ಳಬೇಡ. ವಿಚಾರಣೆಯಲ್ಲಿ ನಿನ್ನನ್ನೇ ಸಾಕ್ಷಿಗೆ ಕರೆದರೂ ನೀನು ಹೌದು ಅನ್ನಲಿಲ್ಲ ಅಂತ ತಿಳಿಯಿತು. ಅವನು ನಿಜವಾಗಿ ಅಲ್ಲಿದ್ದಿದ್ದರೆ ನನ್ನಪ್ಪ ಹೇಳುತ್ತಿದ್ದ, ಅಂದುಕೊಂಡೆ. ನಿನ್ನ ಮೌನವನ್ನೇ ಉತ್ತರ ಅಂತ ತೆಗೆದುಕೊಂಡಿದ್ದೇನೆ.

ಒಂದೇ ಪ್ರಶ್ನೆ. ಮರುದಿನ ಆ ಜಾಕೆಟ್ಟು ನಿನ್ನ ಹತ್ತಿರ ಬಂತಾ?

ಮಗಳು

—

ಮೇ 9

ಅಪ್ಪಾ,

ನೀನು ಉತ್ತರ ಬರೆದಿಲ್ಲ. ಅಮ್ಮ ಫೋನಿನಲ್ಲಿ ಹವೆಯ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ.

ಹದಿನೇಳರ ವಿಷಯ ನಿನಗೆ ಗೊತ್ತಾಗಿರಬೇಕು. ಬಸ್ ನಿಲ್ದಾಣದಲ್ಲಿ ನಾಲ್ಕು ಜನ ಸೇರಿ ‘ಕಾಲ್ಚೀಲ, ಕಾಲ್ಚೀಲ’ ಅಂತ ಕೂಗುತ್ತ ಕಬ್ಬಿಣದ ಸರಳಿನಲ್ಲಿ ಹೊಡೆದರು. ಬಲ ಮಂಡಿ ಪುಡಿಯಾಗಿದೆ. ಹೊಡೆದವರಲ್ಲಿ ಒಬ್ಬನ ಜೇಬಿನಲ್ಲಿ ನಮ್ಮ ಪತ್ರಿಕೆಯ ಆ ಪುಟ ಮಡಚಿಟ್ಟದ್ದು ಸಿಕ್ಕಿತಂತೆ. ನಮ್ಮ ಆಫೀಸಿನಲ್ಲಿ ಒಬ್ಬರು ‘ಮಾಡಿದ್ದುಣ್ಲಿ’ ಅಂದರು.

ನಿನ್ನೆ ಆ ಹೆಂಗಸನ್ನು ನೋಡಲು ಹೋಗಿದ್ದೆ. ದವಡೆಯ ತಂತಿ ತೆಗೆದಿದ್ದಾರೆ, ಮಾತಾಡುತ್ತಾರೆ. ಒಂದು ಕಿಟಕಿಯ ಮನೆ, ಮಂಚದ ತುಂಬ ಬೇರೆಯವರ ದಿಂಬಿನ ಚೀಲಗಳು, ಈಗ ಅವನ್ನು ಹೊಲಿದು ಜೀವನ. ನಾನು ಕೂತೆ. ಅವರು ಸೂಜಿ ಕೆಳಗಿಡಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

‘ಟೀವೀಲಿ ನಿಮ್ ಕ್ಯಾಪ್ಟನ್ನು ಮಾತಾಡ್ತಿದ್ದ. ಹೆಣ್ಮಕ್ಕಳಿಗೆ ಗೌರವ ಕೊಡ್ಬೇಕು ಅಂತಿದ್ದ. ನಾನು ಅಡುಗೆಮನೇಲಿದ್ದೆ, ಮುಖ ನೋಡಿರ್ಲಿಲ್ಲ. ಧ್ವನಿ ಕೇಳಿದ್ದೇ ಕೈಲಿದ್ದ ಪಾತ್ರೆ ಬಿದ್ದೋಯ್ತು. ಬಾಗ್ಲು ತೆಗಿ ಅಂದಿದ್ದು ಆ ಧ್ವನಿ ಕಣಮ್ಮ.’

‘ಮತ್ತೆ ಆವತ್ತು ತಲೆ ಆಡ್ಸಿದ್ರಲ್ಲ?’ ಅಂದೆ.

‘ನೀವು ಒಂದೇ ಫೋಟೋ ತಂದಿದ್ರಿ. ಇವ್ನೇ ಅಲ್ವಾ ಅಂದ್ರಿ. ನಂಗೆ ಜ್ವರ, ಬಾಯಿ ಕಟ್ಟಿತ್ತು. ಅಷ್ಟು ಓದಿರೋರು, ತಿಳ್ಕೊಂಡೇ ಬಂದಿರ್ತೀರಿ ಅಂದ್ಕೊಂಡೆ.’

ಅಪ್ಪಾ, ನಾನು ಒಂದೇ ಫೋಟೋ ತೆಗೆದುಕೊಂಡು ಹೋಗಿದ್ದೆ. ನಿನ್ನ ಹೊಲಿಗೆ ನೋಡಿದ ಮೇಲೆ ಎರಡನೆಯದು ಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಆ ಸಂಜೆ ಆ ಜಾಕೆಟ್ಟು ಯಾರ ಮೈಮೇಲಿತ್ತು? ನೀನು ಹೇಳದಿದ್ದರೆ ನಾನು ಅಲ್ಲಿಗೇ ಬಂದು ಎದುರು ನಿಂತು ಕೇಳುತ್ತೇನೆ. ಎದುರು ನಿಂತರೆ ನಿನಗೆ ಕೇಳಿಸುತ್ತದೆ.

ಮಗಳು

—

ಮೇ 17

ಮಗಳೇ,

ಬರಬೇಡ. ಬರೆಯುತ್ತೇನೆ. ಇದು ಏಳನೇ ಹಾಳೆ, ಮೊದಲ ಆರು ಒಲೆಗೆ ಹೋದವು.

ಕಪ್ಪು ಗೆದ್ದ ಸಂಭ್ರಮದಲ್ಲಿ ಮೈದಾನದಲ್ಲೇ ಕ್ಯಾಪ್ಟನ್ನನ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದಿದ್ದರು. ಜಾಕೆಟ್ಟು ತೊಪ್ಪೆಯಾಗಿತ್ತು. ಆರೂವರೆ ಹೊತ್ತಿಗೆ ನನ್ನ ಕೋಣೆಗೆ ಬಂದು ‘ಮಾವ, ಯಾವ್ದಾದ್ರೂ ಒಣಗಿರೋದು ಕೊಡಿ’ ಅಂದ. ಹದಿನೇಳರದ್ದು ಆಗತಾನೇ ಇಸ್ತ್ರಿಯಾಗಿ ತೂಗುತ್ತಿತ್ತು. ಇಬ್ಬರದ್ದೂ ಒಂದೇ ಅಳತೆ. ನಾನೇ ತೆಗೆದುಕೊಟ್ಟೆ. ನಾನೇ ಹಿಂದಿನಿಂದ ತೋಳು ಹಾಕಿಸಿದೆ. ಹದಿನೇಳು ಆಗ ಚಹಾ ತರಲು ಹೊರಗೆ ಹೋಗಿದ್ದ, ನೋಡಲಿಲ್ಲ. ಬಂದವನು ನನ್ನ ಎದುರಿಗೆ ಕೂತು ಎಂಟು ಗಂಟೆಯ ಬಸ್ಸಿನ ತನಕ ಕಾಲ್ಚೀಲ ಮಡಚಿದ. ಏಳು ನಲವತ್ತಕ್ಕೆ ಅವನು ನನಗೆ ತನ್ನ ತಾಯಿಯ ಹೊಸ ಇಸ್ತ್ರಿಪೆಟ್ಟಿಗೆಯ ಕತೆ ಹೇಳುತ್ತಿದ್ದ.

ಮರುದಿನ ಬೆಳಗ್ಗೆ ಕ್ಯಾಪ್ಟನ್ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದ. ‘ವೈನ್ ಚೆಲ್ತು ಮಾವ’ ಅಂದ. ತೊಳೆದೆ. ಒಣಗಿಸಿ ಹದಿನೇಳರ ಗೂಡಿನಲ್ಲಿಟ್ಟೆ.

ನಿನ್ನ ಸುದ್ದಿ ಬಂದ ದಿನವೇ ಮ್ಯಾನೇಜರು ಕೆಳಗಿಳಿದು ಬಂದರು. ಅವರು ನನ್ನ ಕೋಣೆಗೆ ಬಂದದ್ದು ಅದೇ ಮೊದಲು, ಕೂರಲು ಸ್ಟೂಲು ಒರೆಸಿಕೊಟ್ಟೆ. ‘ಬರೆದಿರೋದು ನಿಮ್ಮ ಮಗಳಲ್ವಾ? ಒಳ್ಳೇ ಹೆಸರು ಮಾಡ್ತಾಳೆ. ಸುದ್ದಿ ಸುಳ್ಳು ಅಂತಾದ್ರೆ ಮೊದ್ಲು ಜೈಲಿಗೆ ಹೋಗೋಳು ಅವ್ಳೇ, ನೋಡಿ’ ಅಂದರು. ಎದ್ದು ಹೋದರು.

ವಿಚಾರಣೆಯಲ್ಲಿ ಹದಿನೇಳು ನನ್ನ ಪಕ್ಕದ ಕುರ್ಚಿಯಲ್ಲಿದ್ದ. ನನ್ನ ಕಡೆ ತಿರುಗಿ, ‘ಮಾವ, ಹೇಳಿ ಮಾವ. ಆ ಸಂಜೆ ನಾನು ನಿಮ್ ಜೊತೇನೇ ಇದ್ದೆ ಅಲ್ವಾ?’ ಅಂದ. ಆರು ಜನ ನನ್ನನ್ನೇ ನೋಡುತ್ತಿದ್ದರು. ನಾನು ಕಿವಿ ಮುಟ್ಟಿಕೊಂಡು ತಲೆಯಾಡಿಸಿದೆ, ಕೇಳಿಸುತ್ತಿಲ್ಲ ಅಂತ. ಅವರಲ್ಲೊಬ್ಬರು, ‘ಪಾಪ, ಕಿವುಡರು, ಬಿಡಿ’ ಅಂದರು.

ನನಗೆ ಕೇಳಿಸಿತ್ತು.

ಒಬ್ಬಳು ಹೆಂಗಸು ಮಗನನ್ನು ಇಸ್ತ್ರಿ ತಿಕ್ಕಿ ಸಾಕಿದ್ದಳು, ನಾನು ಮಗಳನ್ನು ಬಟ್ಟೆ ಒಗೆದು ಸಾಕಿದ್ದೆ. ಎರಡರಲ್ಲಿ ಒಂದು ಅಂದಾಗ ನಾನು ನನ್ನದನ್ನು ಹಿಡಿದುಕೊಂಡೆ. ಅವನು ಹೊಡೆಸಿಕೊಳ್ಳುತ್ತಾನೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನಾ ಅಂತ ದಿನಾ ಕೇಳಿಕೊಳ್ಳುತ್ತೇನೆ, ಇನ್ನೂ ಗೊತ್ತಾಗಿಲ್ಲ.

ಇನ್ನು ನಿನ್ನ ಇಷ್ಟ. ಈ ಹಾಳೆಯನ್ನು ಸಂಪಾದಕರಿಗೆ ತೋರಿಸಬಹುದು. ಈ ಸಲ ಅದಕ್ಕೆಂದೇ ಬರೆದಿದ್ದೇನೆ.

ಅಪ್ಪ

—

ಜೂನ್ 14

ಅಪ್ಪಾ,

ಪುಟ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನೋಡು.

ಸಂಪಾದಕರು ಮೊದಲು ಹನ್ನೊಂದನೇ ಪುಟದಲ್ಲಿ ಮೂರು ಸಾಲು ಹಾಕೋಣ ಅಂದರು. ‘ಕಣ್ತಪ್ಪಿನಿಂದ ಆದ ದೋಷಕ್ಕೆ ವಿಷಾದ’, ಅಷ್ಟೇ. ಹೆಸರು ಕೆಡಿಸಿದ್ದು ಮೊದಲನೇ ಪುಟದಲ್ಲಿ ಅಂದೆ. ಕ್ಯಾಪ್ಟನ್ನನ ಮೇಲೆ ಕೈ ಹಾಕಿದರೆ ಕ್ಲಬ್ಬು ನಮ್ಮನ್ನು ಕೋರ್ಟಿಗೆ ಎಳೆಯುತ್ತದೆ ಅಂದರು. ಕೊನೆಗೆ ರಾಜೀನಾಮೆ ಮೇಜಿನ ಮೇಲಿಟ್ಟು, ಇದನ್ನು ಇಲ್ಲಿ ಹಾಕಿ, ಇಲ್ಲದಿದ್ದರೆ ಎದುರಿನ ಪತ್ರಿಕೆಗೆ ಕೊಡುತ್ತೇನೆ ಅಂದೆ. ಹಾಕಿದರು. ರಾಜೀನಾಮೆಯನ್ನೂ ತೆಗೆದುಕೊಂಡರು. ಒಂದೇ ಫೋಟೋ ತೋರಿಸಿದ್ದನ್ನು ಬರೆದಿದ್ದೇನೆ. ನಿನ್ನ ಕಾಗದವನ್ನು ಕೇಳದೆ ಬಳಸಿದ್ದನ್ನೂ ಬರೆದಿದ್ದೇನೆ. ಕ್ಯಾಪ್ಟನ್ ಹೋದ ವಾರವೇ ಇನ್ನೂ ದೊಡ್ಡ ಕ್ಲಬ್ಬಿಗೆ ಹೊರಟುಹೋದ. ಅಲ್ಲಿಯವರು ಇದು ಹಳೆಯ ವಿಷಯ ಅಂದಿದ್ದಾರೆ.

ನಿನ್ನ ಬಗ್ಗೆ ಬರೆಯುವಾಗ ಒಂದು ಕಡೆ ಕೈ ನಿಂತಿತು. ‘ವೈನ್ ಎಂಬ ಮಾತನ್ನು ನಂಬಿ ಜಾಕೆಟ್ಟನ್ನು ತೊಳೆದರು’ ಅಂತ ಹಾಕಿದೆ. ನೀನು ಕಾಗದದಲ್ಲಿ ನಂಬಿದೆ ಅಂತಲೂ ಬರೆದಿರಲಿಲ್ಲ, ನಂಬಲಿಲ್ಲ ಅಂತಲೂ ಬರೆದಿರಲಿಲ್ಲ. ಕೇಳಿಲ್ಲ. ಅದೊಂದು ಸಾಲು ಇರಲಿ ನಿನಗೆ.

ನಿನ್ನೆ ಹದಿನೇಳರ ಮನೆಗೆ ಹೋಗಿದ್ದೆ. ಅವನ ತಾಯಿ ಬಾಗಿಲಲ್ಲೇ ಇಸ್ತ್ರಿ ಮಾಡುತ್ತಿದ್ದರು. ನಾನು ಯಾರು ಅಂತ ಹೇಳಿದೆ. ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಲು ಮರೆತರು, ಯಾರದೋ ಬಿಳಿ ಅಂಗಿ ಸುಟ್ಟುಹೋಯಿತು. ಒಳಗೆ ಬಾ ಅನ್ನಲಿಲ್ಲ. ಅವನೇ ಕೋಲೂರಿಕೊಂಡು ಹೊರಗೆ ಬಂದ. ಪತ್ರಿಕೆ ಕೈಗೆ ಕೊಟ್ಟೆ, ಮಡಚಿ ಕಿಟಕಿಯ ಮೇಲಿಟ್ಟ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

‘ಮಾವಂಗೆ ಕಿವಿ ಪೂರ್ತಿ ಹೋಗ್ಬಿಡ್ತಾ?’ ಅಂದ. ‘ಆವತ್ತು ಪಾಪ ಅವ್ರಿಗೆ ಕೇಳಿಸ್ಲಿಲ್ಲ. ನಾನೇ ಇನ್ನೊಂದ್ಸಲ ಜೋರಾಗಿ ಕೇಳ್ಬೇಕಿತ್ತು.’

ವಿಚಾರಣೆಯ ಕೋಣೆಯ ವಿಷಯವೂ ಪತ್ರಿಕೆಯಲ್ಲಿ ಇದೆ ಅಪ್ಪಾ, ನಾಲ್ಕನೇ ಪ್ಯಾರಾ. ಅವನು ಇನ್ನೂ ಓದಿರಲಿಲ್ಲ. ನಾನು ಹೇಳಲಾರದೆ ಹೊರಟು ಬಂದೆ.

ಮಗಳು

—

ಜೂನ್ 21

ಮಗಳೇ,

ಪತ್ರಿಕೆ ಓದಿದೆ. ನಿಮ್ಮಮ್ಮ ಜೋರಾಗಿ ಓದಲು ಶುರು ಮಾಡಿ ನಾಲ್ಕನೇ ಪ್ಯಾರಾದಲ್ಲಿ ನಿಲ್ಲಿಸಿದಳು. ಉಳಿದದ್ದನ್ನು ನಾನೇ ಓದಿಕೊಂಡೆ. ಆಮೇಲೆ ಅವಳು ನನ್ನ ಹತ್ತಿರ ಮಾತಾಡಿಲ್ಲ. ಕೆಲಸ ಹೋಯಿತು. ಹೊಸಬಳಿಗೆ ಬೀಗದ ಕೈ ಕೊಟ್ಟು, ಯಾವ ಮೆಷಿನ್ನು ಹೇಗೆ ತೊಂದರೆ ಕೊಡುತ್ತದೆ ಅಂತ ತೋರಿಸಿ ಬಂದೆ.

ಅಲ್ಲಿಂದ ನೇರ ಅವನ ಮನೆಗೆ ಹೋದೆ. ಅಷ್ಟರಲ್ಲಿ ಓದಿದ್ದ. ತಾಯಿ ಒಳಗಿನಿಂದ, ‘ಯಾರೋ ಅದು?’ ಅಂದರು. ಅವನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ‘ಯಾರೂ ಇಲ್ಲಮ್ಮ’ ಅಂದ. ಮೆಲ್ಲಗೆ ಹೇಳಿದ, ನನಗೆ ಚೆನ್ನಾಗಿ ಕೇಳಿಸಿತು. ಬಾಗಿಲು ಹಾಕಿಕೊಂಡ.

ನೀನು ಕೆಲಸ ಕಳೆದುಕೊಂಡೆ. ಜೈಲಿಗೇನೂ ಹೋಗಲಿಲ್ಲ. ನಾನು ಇಷ್ಟಕ್ಕೆ ಹೆದರಿದ್ದೆ.

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ನೀನೇ ಕೈ ನಿಂತಿತು ಅಂದೆಯಲ್ಲ, ಆ ಸಾಲು. ನನ್ನ ಮೇಲಿನ ಪ್ರೀತಿಗೆ ಬಿಟ್ಟೆ ಅಂತ ಗೊತ್ತು. ಆದರೆ ನಮ್ಮಿಬ್ಬರಿಂದ ಒಬ್ಬ ಕುಂಟನಾಗಿದ್ದಾನೆ, ಇನ್ನು ಒಬ್ಬರಿಗೊಬ್ಬರು ಸಾಲು ಬಿಟ್ಟುಕೊಡುವುದು ಬೇಡ. ಆ ಸಾಲನ್ನು ತಿದ್ದಿ ಹಾಕಿಸು, ನಿನ್ನ ಪತ್ರಿಕೆ ಹಾಕದಿದ್ದರೆ ಎದುರಿನ ಪತ್ರಿಕೆಗೆ ಕೊಡು.

ವೈನ್ ಕಲೆಯಾಗಿದ್ದರೆ ಜಾಕೆಟ್ಟು ಮಿಕ್ಕಿದ್ದರ ಜೊತೆ ಬಿಸಿನೀರಿಗೆ, ಮೆಷಿನ್ನಿಗೆ ಹೋಗುತ್ತಿತ್ತು. ನಾನು ಅದನ್ನು ಕೈಯಲ್ಲಿ ತೊಳೆದೆ. ತಣ್ಣೀರಿನಲ್ಲಿ.

ಅಪ್ಪ